ಕಲ್ಲಹೊಲಕ್ಕೆ ಚರಗ

ಪಾಮನಕಲ್ಲೂರಿನ ಉಮಾದೇವಿಗೆ ನಾಲ್ಕು ಜನರಿಗೆ ಅಡುಗೆ ಮಾಡಲು ಬರುವುದಿಲ್ಲ. ಮಸ್ಕಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೊನ್ನೆ ಮೊನ್ನೆಯವರೆಗೆ ಸೌಟು ಹಿಡಿದ ಕೈ ಅದು. ನೂರು ಹೊಟ್ಟೆಗಿಂತ ಕಡಿಮೆ ಅಳತೆ ಅದಕ್ಕೆ ಗೊತ್ತೇ ಇಲ್ಲ. ಅಂಥವಳು ನಿವೃತ್ತಿಯಾದ ಮೇಲೆ ಸುಮ್ಮನೆ ಕೂತಾಳೆಯೇ? ಊರ ಹೊರಗಿನ ಕಲ್ಲಹೊಲದಲ್ಲಿ ಪಟ್ಟಣದವರು ಬಂದು ತಂಗಿ ಹೋಗುವ ಜಾಗ ಮಾಡುತ್ತೇನೆ ಎಂದು ಸೆರಗು ಕಟ್ಟಿ ನಿಂತಳು.

ಕಲ್ಲಹೊಲ ಹೆಸರಿಗಷ್ಟೇ ಹೊಲ. ಮನೆಯೆತ್ತರದ ಬಂಡೆಗಳು, ಸಂದಿಯಲ್ಲೆಲ್ಲ ಬಳ್ಳಾರಿ ಜಾಲಿ. ಅಪ್ಪ ತೀರಿದ ಮೇಲೆ ಅದು ಅವಳ ಮತ್ತು ಅಣ್ಣ ಯಮನೂರಪ್ಪನ ಹೆಸರಿಗೆ ಜಂಟಿಯಾಗಿ ಬಂದಿತ್ತು. ಅಣ್ಣ ಕೆಳಗಿನ ಎರೆಹೊಲವನ್ನು ಮಗುವಿನಂತೆ ನೋಡಿಕೊಳ್ಳುವವನು. ಇದರ ಕಡೆ ಮಾತ್ರ ಹೊರಳಿಯೂ ನೋಡಿದವನಲ್ಲ. ಈಗ ಲಿಂಗಸುಗೂರು ಕಡೆಯ ಕ್ರಷರ್ ಮಾಲೀಕ ಸಂಗನಬಸವ ಆ ಬಂಡೆಗಳ ಮೇಲೆ ಕಣ್ಣು ಹಾಕಿದ್ದ. ಮದ್ದಿಟ್ಟು ಒಡೆದರೆ ಒಳ್ಳೆಯ ಜಲ್ಲಿಯಂತೆ. ಅಣ್ಣನಿಗೂ ಕೊಟ್ಟುಬಿಡುವ ಮನಸ್ಸಾಗಿತ್ತು.

"ಹುಚ್ಚೀ, ಕಲ್ಲಾಗ ಮಲಗಾಕ ಯಾರ ಬರ್ತಾರ?" ಎಂದ ಅಣ್ಣ.

"ಬರ್ತಾರ. ಎಳ್ಳಮಾಸಿ ತನಕ ಬಿಡಣ್ಣಾ. ಆಗೂ ನಿನ್ನ ಮನಸಿಗೆ ಬರ್ಲಿಲ್ಲಂದ್ರ ನೀ ಹೇಳಿದಲ್ಲಿ ಸಹಿ ಹಾಕ್ತೀನಿ."

ಮಾತು ಕೊಟ್ಟಾಗಿನ ಧೈರ್ಯ ಮನೆ ಮುಟ್ಟುವಷ್ಟರಲ್ಲಿ ಇಳಿದುಹೋಯಿತು. ಚಿಕ್ಕಂದಿನಲ್ಲಿ ಕುರಿ ಬಿಟ್ಟುಕೊಂಡು ಆ ಬಂಡೆಗಳ ನೆರಳಲ್ಲೇ ಆಡಿ ಬೆಳೆದವಳು. ಅವು ಪುಡಿಯಾಗಿ ಲಾರಿ ಹತ್ತುವುದನ್ನು ನೆನೆದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಹಾಸ್ಟೆಲಿನಲ್ಲಿ ಜೊತೆಗೆ ರೊಟ್ಟಿ ಬಡಿಯುತ್ತಿದ್ದ ಸರ್ದಾರಬಿ ಕೈಜೋಡಿಸಿದಳು. ಜಾಲಿ ಕಡಿಸಿ, ಮುಳ್ಳು ಸುಟ್ಟು, ಬಂಡೆಗೆ ಒತ್ತಿದಂತೆ ಮಣ್ಣಿನ ಗೋಡೆಯ ಎರಡು ಮನೆ ಎಬ್ಬಿಸಿದರು. ಪಾಯಖಾನೆಗೆ ಮಾತ್ರ ಬೆಳ್ಳನೆಯ ಟೈಲ್ಸ್ ಬಂತು. "ಪ್ಯಾಟಿ ಮಂದಿ ಬಿಸಲು ಸಹಿಸ್ತಾರ, ಧೂಳು ಸಹಿಸ್ತಾರ, ಇದೊಂದು ಸಹಿಸಂಗಿಲ್ಲ," ಎಂಬುದು ಉಮಾದೇವಿಯ ತೀರ್ಮಾನ. ಬಂಡೆಗಳ ನಡುವೆ ಮಣ್ಣು ಕಂಡಲ್ಲೆಲ್ಲ ಒಂದಿಷ್ಟು ಜೋಳ ಚೆಲ್ಲಿದಳು.

ಮೊದಲ ಅತಿಥಿಗಳು ಸಿಂಧನೂರಿನ ಹೊಸ ಮದುಮಕ್ಕಳು. ಅನ್ನದ ಡಬರಿಯ ಗಾತ್ರ ನೋಡಿಯೇ ಹುಡುಗಿ ಬೆಚ್ಚಿದಳು. ಮಾಡಿದ ಅಡುಗೆ ಕೆಡಬಾರದಲ್ಲ, ಉಮಾದೇವಿ ದಾರಿಯಲ್ಲಿ ಹೋಗುವ ಕೂಲಿಯವರನ್ನೂ ಕುರಿ ಕಾಯುವವರನ್ನೂ ಕೂಗಿ ಕರೆದಳು. ಏಕಾಂತ ಬಯಸಿ ಬಂದ ಜೋಡಿ ಪಂಕ್ತಿಯ ನಡುವೆ ಕೂತು ಊರ ಉಸಾಬರಿಯನ್ನೆಲ್ಲ ಕೇಳಿಸಿಕೊಂಡಿತು. ಸರ್ದಾರಬಿ ಹಣೆ ಚಚ್ಚಿಕೊಂಡಳು.

"ಅವ್ರು ಇಬ್ರೇ ಮಾತಾಡಾಕ ಬಂದಿದ್ರು ಉಮಕ್ಕಾ, ನೀ ದಾವತ್ ಮಾಡಿಬಿಟ್ಟಿ!"

ಆಮೇಲೆ ಆಗೊಬ್ಬರು ಈಗೊಬ್ಬರು ಬಂದರು. ಅಷ್ಟರಲ್ಲಿ ಎಳ್ಳಮಾಸೆ ಬಂದೇಬಿಟ್ಟಿತು.

ಆ ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಊರಿಗೂರೇ ಹೊಲಕ್ಕೆ ಹೋಗುತ್ತದೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಸಜ್ಜೆ ಕಡಬು, ಪುಂಡಿಪಲ್ಯ, ರೊಟ್ಟಿ ಎಲ್ಲದರ ಮೊದಲ ತುತ್ತನ್ನು ಕೂಗುತ್ತಾ ಬೆಳೆಯ ಮೇಲೆ ಎರಚಬೇಕು. ಅದೇ ಚರಗ ಚೆಲ್ಲುವುದು. ಮನುಷ್ಯರ ಊಟ ಆಮೇಲೆ. ಕಲ್ಲಹೊಲಕ್ಕೆ ಯಾರೂ ಎಂದೂ ಚರಗ ಚೆಲ್ಲಿದ್ದಿಲ್ಲ. ಕಲ್ಲಿಗೆಲ್ಲಿಯ ಬಸುರು?

ಆ ಮುಂಜಾನೆ ಮೌನೇಶ್ವರಿ ಬಂದಳು. ಉಮಾದೇವಿಯ ಕೈಯೂಟ ಉಂಡು ಓದಿದ ಹಾಸ್ಟೆಲಿನ ಹುಡುಗಿ, ಈಗ ರಾಯಚೂರಿನಲ್ಲಿ ನರ್ಸು. ಜೊತೆಗೆ ಆಸ್ಪತ್ರೆಯ ಗೆಳತಿಯರು, ಉಡುಪಿ ಕಡೆಯ ಒಬ್ಬ ಡಾಕ್ಟರಮ್ಮ. ಅವರು ಬಂಡೆ ಹತ್ತಿ ಫೋಟೊ ತೆಗೆಯುತ್ತಿರುವಾಗಲೇ ಸಂಗನಬಸವನನ್ನು ಕರೆದುಕೊಂಡು ಯಮನೂರಪ್ಪ ಬಂದ. ಸಂಗನಬಸವನ ಕೈಯಲ್ಲಿ ಅಳತೆಯ ಟೇಪು ಇತ್ತು.

"ಒಂದ್ ಗಾಡಿ ಮಂದಿ ಬಂದ್ರ ಆಗಿಹೋತೇನು ಉಮಾ? ಮಾತು ಅಂದ್ರ ಮಾತು," ಎಂದ ಅಣ್ಣ.

ಉಮಾದೇವಿ ಚಾಪೆ ಹಾಸಿದಳು. "ಹಬ್ಬದ ದಿನ ಬಂದೀರಿ, ಉಂಡು ಅಳೀರಿ," ಎಂದಷ್ಟೇ ಅಂದಳು.

ಅಡುಗೆ ಎಂದಿನಂತೆ ನೂರು ಮಂದಿಗಾಗುವಷ್ಟಿತ್ತು. ಸರ್ದಾರಬಿ ಎಲೆ ಹಾಕುತ್ತಿರುವಾಗ ಡಾಕ್ಟರಮ್ಮ ಯಮನೂರಪ್ಪನ ಹತ್ತಿರ ಬಂದಳು.

"ಚರಗ ಅಂದ್ರೆ ಎಂತ ಮಾಡುವುದು? ಒಮ್ಮೆ ತೋರಿಸಿ ಮಾರಾಯ್ರೆ."

ಕೇಳಿದವಳು ದೂರದ ಊರಿನ ಅತಿಥಿ. ಇಲ್ಲ ಎನ್ನುವುದು ಹೇಗೆ? ಯಮನೂರಪ್ಪ ಸಣ್ಣ ಬುಟ್ಟಿಯೊಂದಕ್ಕೆ ಎಲ್ಲದರಲ್ಲೂ ಒಂದಿಷ್ಟು ಹಾಕಿ ಎತ್ತಿಕೊಂಡ. "ಹಿಂಗ ನೋಡ್ರಿ, ಸುಮ್ನ ತೋರ್ಸಾಕ," ಎಂದು ಒಂದು ಹಿಡಿ ತೆಗೆದು ಜೋಳದ ಮೇಲೆ ಎರಚಿ, "ಹುಲ್ಲಲಿಗೋ..." ಎಂದು ಚರಗದ ಕೂಗು ಹಾಕಿದ.

"ಚಲ್ಲಂಬ್ರಿಗೋ!" ಕೆಳಗಿನ ಹೊಲಗಳಿಂದ ಯಾರೋ ಓಗೊಟ್ಟರು.

ಓಗೊಟ್ಟ ಮೇಲೆ ನಿಲ್ಲುವ ಪದ್ಧತಿ ಅವನಿಗೆ ಹುಟ್ಟಿದಾಗಿನಿಂದಲೇ ಇಲ್ಲ. ರುಮಾಲು ಸರಿಮಾಡಿಕೊಂಡು ನಡೆದೇಬಿಟ್ಟ. ಹೆಂಗಸರು ಹಿಂದೆ ಹಿಂದೆ ನೀರು ಚಿಮುಕಿಸುತ್ತಾ ಹೋದರು, ಡಾಕ್ಟರಮ್ಮನೂ ಗಂಟಲು ಹರಿಯುವಂತೆ ಕೂಗಿದಳು. ಬಂಡೆ ಬಂಡೆಯನ್ನೂ ಸುತ್ತಿ, ಬದುವಿನ ನಾಲ್ಕೂ ಮೂಲೆಗೆ ಎರಚಿ, ಕೊನೆಯ ತುತ್ತನ್ನು ನೆಲಕ್ಕಿಟ್ಟು ಕೈಮುಗಿದಾಗಲೇ ಅವನಿಗೆ ತಾನೇನು ಮಾಡಿದೆ ಎಂದು ಹೊಳೆದದ್ದು. ಖಾಲಿ ಬುಟ್ಟಿ ಹಿಡಿದು ಹಾಗೇ ನಿಂತ.

ಸಂಗನಬಸವ ಟೇಪನ್ನು ಜೇಬಿಗೆ ಹಾಕಿದ. "ಯಣ್ಣಾ, ಬಯಕಿ ಊಟ ಉಣಿಸಿ ಹೊಟ್ಟಿಗೆ ಮದ್ದಿಡು ಅಂತೀಯೇನು? ನಮ್ಮವ್ವ ನನ್ನ ಮನಿಯಾಗ ಸೇರ್ಸಂಗಿಲ್ಲಪಾ. ನಾ ಬ್ಯಾರೆ ಕಡಿ ನೋಡ್ಕೊಂತೀನಿ." ಹಾಗೆಂದು ಕೈ ತೊಳೆದು ಪಂಕ್ತಿಯಲ್ಲಿ ಕೂತ.

ಉಮಾದೇವಿ ಅಣ್ಣನ ಮುಖ ನೋಡುವ ಧೈರ್ಯವಿಲ್ಲದೆ ಕಡಬಿನ ಬುಟ್ಟಿ ನೋಡುತ್ತಿದ್ದಳು. ಯಮನೂರಪ್ಪ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಬರೂ ವರ್ಷ ಜ್ವಾಳ ಜಾಸ್ತಿ ಬಿತ್ತು ತಂಗೀ," ಎಂದ. "ಇಷ್ಟೀಟು ಬೆಳಿಗೆ ಚರಗ ಚೆಲ್ಲಾಕ ನನಗ ನಾಚಿಕಿ ಬರ್ತೈತಿ."

ಉಮಾದೇವಿ ಅತ್ತುಬಿಟ್ಟಳು. ಅಳುತ್ತಲೇ ಅವನ ಎಲೆಗೆ ಕಡಬು ಬಡಿಸುತ್ತಾ ಹೋದಳು. ಸಾಕು ಸಾಕೆಂದು ಅವನು ಅಡ್ಡ ಹಿಡಿದ ಕೈ ಅವಳಿಗೆ ಕಾಣಲೇ ಇಲ್ಲ.