ಅತ್ತಿಗೆ ಕಾಯಲು ಕಲಿತದ್ದು

ನಮ್ಮತ್ತಿಗೆಗೆ ಕಾಯುವುದೆಂದರೆ ಆಗಿಬರದು. ನಿಮಗೆ ಬಾಯಾರುವ ಮೊದಲೇ ನೀರು ತಂದಿಡುವವರ ಪೈಕಿ. ನಾನು ಮೈದುನ, ಚುಡಾಯಿಸುವ ಹಕ್ಕಿದೆ, ಹೇಳುತ್ತೇನೆ. ಜೆರಾಕ್ಸ್ ಅಂಗಡಿಯ ಮೇಲಿರುವ ಅವರ ಸಲಹಾ ಕೋಣೆಗೆ ಹೊರದೇಶದಲ್ಲಿ ಓದಬಯಸುವ ವಿದ್ಯಾರ್ಥಿಗಳು ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಯಾವ ದೇಶ, ಯಾವ ವಿಶ್ವವಿದ್ಯಾಲಯ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಅವರು ಕಳಿಸುವುದು ಒಂದೇ ಓದಿಗೆ: ವರ್ತನಾ ವಿಶ್ಲೇಷಣೆ. ಮಾತು ಬಾರದ ಮಕ್ಕಳಿಗೂ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಕಲಿಸುವ ವಿದ್ಯೆ. ತಮ್ಮ ಮಗ ಗುಂಡನಿಗಾಗಿ ಊರೆಲ್ಲ ಜಾಲಾಡಿದರೂ ಅದನ್ನು ಓದಿದವರು ಸಿಗಲಿಲ್ಲ. ಓದುವವರನ್ನಾದರೂ ಕಳಿಸೋಣವೆಂದು ಹಟಕ್ಕೆ ಬಿದ್ದು ಶುರುಮಾಡಿದ ಕೆಲಸವಿದು.

ಆ ಹಟವೇ ಈ ವರ್ಷ ಕುತ್ತಿಗೆಗೆ ಬಂತು. ಗುಂಡನಿಗೆ ಪಾಠ ಹೇಳಲು ಮನೆಗೆ ಬರುತ್ತಿದ್ದ ಹುಡುಗಿಗೇ ಅದೇ ಓದಿಗೆ ಹೊರದೇಶದಲ್ಲಿ ಸೀಟು ಸಿಕ್ಕಿತು, ಅತ್ತಿಗೆಯೇ ಓಡಾಡಿ ಕೊಡಿಸಿದ್ದು. ಗುಂಡ ಬಾಯಿಬಿಟ್ಟು ಆಡುತ್ತಿದ್ದುದು "ನೀರು" ಎಂಬ ಒಂದೇ ಮಾತು. ಅದೂ ಆ ಹುಡುಗಿಯ ಹತ್ತಿರ ಮಾತ್ರ.

"ನಾನು ಹೋಗಲ್ಲ ಅಕ್ಕ. ನಾನು ಹೋದ್ರೆ ಅವನ ಮಾತೂ ಹೋಗುತ್ತೆ," ಎಂದಳು.

"ಹುಚ್ಚಿ! ಅವನು ನಿನ್ನೊಬ್ಬಳನ್ನೇ ಕೇಳಿದ್ರೆ ಅದು ಕಲಿತ ಹಾಗಾಯ್ತಾ? ನೀನೇ ತಾನೆ ಹೇಳಿದ್ದು?"

"ಮತ್ತೆ ನೀವು ಅವನನ್ನ ಕೇಳೋಕೆ ಬಿಟ್ರೆ ತಾನೆ? ಅವನು ಬಾಯಿ ತೆಗೆಯೋ ಮೊದಲೇ ಲೋಟ ಹಿಡೀತೀರ."

ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನನಗೆ ಒಳಗೊಳಗೇ ನಗು.

ಅಂದಿನಿಂದ ಗುಂಡ ಬಾಯಿಬಿಟ್ಟು ಕೇಳುವವರೆಗೆ ಲೋಟ ಹಿಡಿದು ಸುಮ್ಮನೆ ಕೂರುವ ಕೆಲಸ ಅತ್ತಿಗೆಯದಾಯಿತು. ಅವನು ತಾಯಿಯನ್ನೇ ಕೇಳಲೆಂದು ಹುಡುಗಿ ಮೊದಲು ಅವರ ಪಕ್ಕ ಕೂತಳು, ಆಮೇಲೆ ಬಾಗಿಲ ಬಳಿ, ಕೊನೆಗೆ ಹೊರಗೆ ಮೆಟ್ಟಿಲ ಮೇಲೆ. ಗುಂಡ ಅವಳನ್ನು ಹುಡುಕಿ ರಂಪ ಮಾಡುತ್ತಿದ್ದ. ಅತ್ತಿಗೆ ಒಂದೆರಡು ಸಲ ತಡೆಯಲಾರದೆ ಲೋಟ ಕೊಟ್ಟೇಬಿಟ್ಟರು, ಹುಡುಗಿಯಿಂದ ಚೆನ್ನಾಗಿ ಬೈಸಿಕೊಂಡರು. ನನ್ನ ನಗುವೂ ಅಷ್ಟರಲ್ಲಿ ಆರಿಹೋಗಿತ್ತು.

ಅವಳು ಹೊರಡುವ ಹಿಂದಿನ ದಿನ ಮಧ್ಯಾಹ್ನ ಗುಂಡ ಆಡಿ ಬೆವತು ಒಳಗೆ ಬಂದ. ತಾಯಿಯ ಕೈಯಲ್ಲಿದ್ದ ಲೋಟ ನೋಡಿದ. ಬಾಗಿಲ ಕಡೆ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಅತ್ತಿಗೆ ಲೋಟವನ್ನು ಮಡಿಲಿಗೆ ಒತ್ತಿ ಹಿಡಿದರು, ನೀರು ಸೀರೆಯ ಮೇಲೆ ತುಳುಕಿತು. ಆದರೂ ಕೈ ಚಾಚಲಿಲ್ಲ. ನಾನೇ ಎದ್ದು ಲೋಟ ಕಿತ್ತು ಅವನಿಗೆ ಕೊಟ್ಟುಬಿಡಲೇ ಅನ್ನಿಸಿತು.

ಗುಂಡ ತಾಯಿಯ ಮುಖ ನೋಡಿದ. "ನೀರು," ಎಂದ.

ಗಟಗಟ ಕುಡಿದು ಮತ್ತೆ ಆಡಲು ಓಡಿದ. ಮೆಟ್ಟಿಲ ಮೇಲೆ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತಿಗೆ ಕಣ್ಣೊರೆಸಿಕೊಂಡು ಅದೇ ಲೋಟ ತೊಳೆದು, ತುಂಬಿಸಿ, ಅವಳ ಮುಂದೆ ಹಿಡಿದರು. ಅವಳೇನೂ ಕೇಳಿರಲಿಲ್ಲ.