ಕೊಟ್ಟಿಗೆಯ ಟಿವಿ

ಇವತ್ತು ಸಂಜೆ ನಮ್ಮ ನಡುಮನೆಯ ಟಿವಿಯಲ್ಲಿ ಅತ್ತೆ ಸೊಸೆಯ ಮೇಲೆ ಎತ್ತಿದ ಕೈ ಹಾಗೇ ನಿಂತಿತು. ನಡುವೆ ಬಿಳಿ ಚಕ್ರವೊಂದು ಸುತ್ತತೊಡಗಿತು. ಒಳಗೆ ಯಜಮಾನರು ಇನ್ನೊಂದು ಟಿವಿ ಹಚ್ಚಿರಬೇಕು. ನೀವಾಗಿದ್ದರೆ ರಿಮೋಟನ್ನು ಮೊಣಕಾಲಿಗೆ ಕುಟ್ಟುತ್ತಿದ್ದಿರಿ. ನಾನು ಕಡಲೆಕಾಯಿ ಸುಲಿಯುತ್ತಾ ಆ ಚಕ್ರವನ್ನೇ ನೋಡಿದೆ. ಅದು ನಾನೇ ಹೇಳಿ ಹಾಕಿಸಿದ ಚಕ್ರ.

ನನ್ನ ಮಗಳು ರತ್ನ ಕೊಂಡ್ಲಹಳ್ಳಿಯಲ್ಲಿ ಕೇಬಲ್ ಅಂಗಡಿ ಇಟ್ಟವಳು. ಮೊದಲು ಬರೀ ಟಿವಿ ಇತ್ತು, ಆಮೇಲೆ ಅದೇ ಕೇಬಲ್ಲಿನಲ್ಲಿ ಇಂಟರ್ನೆಟ್ಟನ್ನೂ ಕೊಟ್ಟಳು. ಕಂಬ ಹತ್ತುವವನು ಬಾರದ ದಿನ ತಾನೇ ಏಣಿ ಹತ್ತಿದವಳು. ಮೂರು ಬೇಸಿಗೆಯ ಹಿಂದೆ ಆ ಅಂಗಡಿಗೆ ಕುತ್ತು ಬಂತು. ಸಂಜೆ ಆರಾದರೆ ಬೀದಿಯಲ್ಲಿ ಯಾರ ಮನೆಯಲ್ಲೂ ನೆಟ್ ಓಡದು. "ಈ ವಾರ ಸರಿ ಹೋಗ್ದಿದ್ರೆ ನಿನ್ ವೈರ್ ಬಿಚ್ಕಂಡು ಹೋಗು" ಎಂದು ಬೀದಿಯವರು ಹೇಳಿಬಿಟ್ಟರು.

ರತ್ನಳ ಕಂಪ್ಯೂಟರಿನಲ್ಲಿ ಯಾರು ಎಷ್ಟು ನೆಟ್ ಎಳೆದರು ಎಂಬ ಪಟ್ಟಿ ಬರುತ್ತದೆ. ಆ ತಿಂಗಳು ಎಲ್ಲರಿಗಿಂತ ಮೇಲೆ ಮೆಹಬೂಬ್ ಸಾಬರ ಹೆಸರಿತ್ತು. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವವರು; ಆ ಕೆಲಸವನ್ನು ವಿಡಿಯೋ ಮಾಡಿ ನೆಟ್ಟಿಗೆ ಹಾಕುತ್ತಿದ್ದರು.

"ಸಿಕ್ರು ನೋಡು. ಬಿಗಿ ಮಾಡು" ಎಂದೆ. ರತ್ನ ಅವರ ಲೈನಿನ ವೇಗ ಇಳಿಸಿ ಬಿಗಿ ಮಾಡಿದಳು. ಸಂಜೆಯ ನೆಟ್ ಮಾತ್ರ ಹಾಗೇ ಕುಂಟುತ್ತಿತ್ತು.

ಸಾಬರು ಗ್ರೀಸ್ ಕೈಯಲ್ಲೇ ಅಂಗಡಿಗೆ ಬಂದರು. "ಅಮ್ಮಾ, ನಾನು ವಿಡಿಯೋ ಹಾಕೋದು ಮಧ್ಯಾಹ್ನ. ಊರೆಲ್ಲ ಹೊಲದಾಗ ಇರ್ತೈತೆ. ಸಂಜಿಗೆ ಫೋನೇ ಮುಟ್ಟಲ್ಲ. ಯಾರದು ಕಿತ್ಕಂಡೆ ಹೇಳ್ರಿ?"

ಆ ಮಾತಿಗೆ ನನಗೆ ನೀರಿನ ಸಾಲು ನೆನಪಾಯಿತು. ನಮ್ಮ ಬೀದಿಗೆ ಒಂದೇ ನಲ್ಲಿ ಇದ್ದ ಕಾಲದಲ್ಲಿ ಸರದಿ ನೋಡುತ್ತಿದ್ದವಳು ನಾನು. ಪಂಚಾಯಿತಿ ನೇಮಿಸಿರಲಿಲ್ಲ, ನನ್ನ ಬಾಯಿ ನೇಮಿಸಿತ್ತು. ಕಟ್ಟಳೆ ಒಂದೇ. ಸಾಲಿನಲ್ಲಿ ಜನ ಇದ್ದರೆ ಮನೆಗೆ ಎರಡು ಕೊಡ. ಸಾಲು ಖಾಲಿಯಾದರೆ ಎಮ್ಮೆ ತೊಳೆಯುವಷ್ಟು ಹಿಡಿದುಕೋ, ಕೇಳುವವರಿಲ್ಲ. ಅಷ್ಟು ತಿಳಿದವಳು ತಿಂಗಳ ಮೊತ್ತ ನೋಡಿ ಸಾಬರನ್ನು ಕಳ್ಳನ ಜಾಗದಲ್ಲಿ ನಿಲ್ಲಿಸಿದ್ದೆ.

"ರತ್ನೀ, ಸಂಜಿಗೆ ಸಾಲು ನಿಂತಾಗ ಯಾರ ಕೊಡ ನಲ್ಲಿ ಕೆಳಗೈತೆ, ಅದು ನೋಡು."

ರತ್ನ ನೋಡಿದಳು. ಪಟ್ಟಿಯ ಮೇಲೆ ಬೆರಳಿಟ್ಟಳು.

"ಯಾರದೇ?"

"ನಮ್ದೇ ಅವ್ವ."

ಅಂಗಡಿಯವರ ಮನೆಯೆಂದು ನಮಗೆ ಮಿತಿಯೇ ಇರಲಿಲ್ಲ. ನಡುಮನೆಯಲ್ಲಿ ಒಂದು ಟಿವಿ, ಅಡುಗೆಮನೆಯಲ್ಲಿ ಒಂದು, ಮೂರನೆಯದು ಕೊಟ್ಟಿಗೆಯಲ್ಲಿ. ಹಾಡು ಕೇಳಿದರೆ ಎಮ್ಮೆ ಚೆನ್ನಾಗಿ ಹಾಲು ಇಳಿಸುತ್ತದೆಂದು ಅದನ್ನು ನಾನೇ ಇಡಿಸಿದ್ದೆ. ಸಂಜೆ ಮೂರೂ ನೆಟ್ಟಿನಲ್ಲೇ ಓಡುತ್ತಿದ್ದವು. ನಾನು ಜಗಲಿಯಲ್ಲಿ ಕೂತು ಸಾಬರನ್ನು ಬೈಯುತ್ತಿದ್ದೆ.

"ಎಮ್ಮೆ ಯಾವ ಸೀರಿಯಲ್ ನೋಡ್ತೈತಮ್ಮಾ?" ಎಂದರು ಸಾಬರು.

ರತ್ನ ನನ್ನ ಮುಖ ನೋಡಿದಳು. "ನಿನ್ ಲೈನಿಗೆ ಕೈ ಹಾಕ್ಲೇನವ್ವ?"

"ನಮ್ಮತ್ತೇನೇ ಸಾಲಿನ ಹಿಂದೆ ನಿಲ್ಸಿದೋಳು ನಾನು. ಹಾಕು. ನಮ್ದೇ ಮೊದ್ಲು. ಸಾಬರದು ಬಿಟ್ಬಿಡು."

ಅವತ್ತಿನಿಂದ ಇದೇ ಕಟ್ಟಳೆ. ಬೀದಿಯ ಲೈನು ತುಂಬಿದಾಗ ಮಾತ್ರ, ಆ ಹೊತ್ತಿಗೆ ಹೆಚ್ಚು ಎಳೆಯುವವರದ್ದು ಸಣ್ಣಗಾಗುತ್ತದೆ. ಸಾಲು ಕರಗಿದರೆ ತಾನಾಗಿ ಬಿಡುತ್ತದೆ. ಒಂದು ವೈರೂ ಬಿಚ್ಚಲಿಲ್ಲ. ಚಳ್ಳಕೆರೆಯ ಇನ್ನೊಬ್ಬ ಕೇಬಲ್ಲಿನವನು ಹೇಗೆ ಮಾಡಿದಿರೆಂದು ಕೇಳಿಕೊಂಡು ಬಂದ. ರತ್ನ ಅವನಿಗೆ ಕಂಪ್ಯೂಟರ್ ತೋರಿಸಿದಳು. ನಾನು ಕರೆದೊಯ್ದು ನಲ್ಲಿ ತೋರಿಸಿದೆ.

ಟಿವಿಯಲ್ಲಿ ಅತ್ತೆಯ ಕೈ ಇನ್ನೂ ಇಳಿದಿಲ್ಲ. ಎದುರು ಮನೆಯ ಫೋನಿನಿಂದ ಯಾವುದೋ ಪಾಠ ತಡೆಯಿಲ್ಲದೆ ಕೇಳುತ್ತಿದೆ. ಸಿಪ್ಪೆ ಕೊಡವಿಕೊಂಡು ಎದ್ದು, ಚೊಂಬು ಹಿಡಿದು ಕೊಟ್ಟಿಗೆಗೆ ಹೊರಟೆ. ಅಲ್ಲೀಗ ಟಿವಿ ಇಲ್ಲ. ಎಮ್ಮೆಗೆ ನಾನೇ ಹಾಡುತ್ತೇನೆ. ಸುಳ್ಳೇಕೆ, ಹಾಲು ಅರ್ಧ ಸೇರು ಕಡಿಮೆಯೇ.