ಭಾವ ನೋಡಿದ ಬೋಟು

ಇವತ್ತು ಬೆಳಿಗ್ಗೆ ತಮಿಳು ಸೀಮೆಯ ಬತ್ತಲಗುಂಡಿನ ನಮ್ಮ ಬೀದಿಯಲ್ಲಿ ಯಾರೋ ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದರು. ಆ ವಾಸನೆಗೆ ನನಗೆ ಭಾವನ ನೆನಪಾಯಿತು. ಬಾಗಿಲಿಗೂ ಭಾವನಿಗೂ ಏನು ಸಂಬಂಧ ಎನ್ನುತ್ತೀರಿ. ತಡೆಯಿರಿ, ಹೇಳುತ್ತೇನೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ತೇವಾರಂನಲ್ಲಿ ತೋಟದ ಪಂಪುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಹರೆಯದಲ್ಲಿ ತೂತ್ತುಕುಡಿ ಬಂದರಿನ ಬೋಟುಗಳಲ್ಲಿ ಕೈ ಪಳಗಿಸಿಕೊಂಡವರು. ಅಕ್ಕ ತೀರಿಕೊಂಡ ವರ್ಷ ಇದ್ದಕ್ಕಿದ್ದಂತೆ, ಅಲ್ಲೊಂದು ಮೀನು ಹಿಡಿಯುವ ಹಳೆಯ ಟ್ರಾಲರ್ ಬೋಟು ಮಾರಾಟಕ್ಕಿದೆ, ಕೊಂಡು ಅದರಲ್ಲೇ ಇದ್ದುಬಿಡುತ್ತೇನೆ ಎಂದರು.

“ಮನೇಲಿ ಯಾರ ಕೂಡ ಮಾತಾಡ್ಲಿ ತಂಬಿ? ಅಲ್ಲಿ ಎಂಜಿನ್ನಾದ್ರೂ ಮಾತಾಡ್ತದೆ.”

ಅವರ ತಂಬಿ, ಅಂದರೆ ತಮ್ಮ, ನಾನೂ ಜೊತೆಗೆ ಹೋದೆ. ಪಂಪಿನ ಸ್ವಿಚ್ಚು ಒತ್ತುವುದಷ್ಟೇ ಗೊತ್ತಿದ್ದ ನಾನು ಬೋಟಿನ ಪರೀಕ್ಷಕ! ದಡಕ್ಕೆ ಎಳೆದಿಟ್ಟಿದ್ದ ಬೋಟಿನ ಸುತ್ತ ಭಾವ ಎರಡು ಸುತ್ತು ಬಂದರು. ಎಂಜಿನ್ನಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿದರು. ಹಾಲು ಬೆರೆತ ಚಹಾದಂತಿದ್ದರೆ ನೀರು ಸೇರಿದೆ ಎಂದರ್ಥವಂತೆ. ನೀರು ತಳ್ಳುವ ಹಿಂದಿನ ಫ್ಯಾನು ಹಿಡಿದು ಅಲುಗಾಡಿಸಿದರು. ಆಮೇಲೆ ಹೊಸದಾಗಿ ಬಣ್ಣ ಹೊಡೆದಿದ್ದ ಜಾಗಕ್ಕೇ ನೇರ ಹೋದರು.

“ಮಾರೋನು ಎಲ್ಲಿ ಬಣ್ಣ ಬಳ್ದಾನೋ ಅಲ್ಲೇ ಮೊದ್ಲು ನೋಡ್ಬೇಕು” ಎನ್ನುತ್ತ ಸುತ್ತಿಗೆಯಿಂದ ಹಲಗೆ ತಟ್ಟಿದರು. ಎಂಜಿನ್ನುಗಳ ನಡುವೆ ಬದುಕಿ ಅವರ ಕಿವಿ ಮಂದವಾಗಿತ್ತು. “ಸದ್ದು ಎಂಗದೆ ತಂಬಿ?”

ಗಟ್ಟಿ ಮರದ ಸದ್ದು, ನನ್ನಂಥವನಿಗೂ ತಿಳಿಯುವಂಥದ್ದು. ಆದರೆ ನಮ್ಮ ಮನೆಗನ್ನಡಕ್ಕೆ ನನ್ನ ಮಕ್ಕಳು ತಮಿಳಿನಲ್ಲಿ ಉತ್ತರಿಸುತ್ತಾರೆ. ಅಕ್ಕ ಹೋದಮೇಲೆ ಅದನ್ನು ಆಡಲು ನನಗೆ ಉಳಿದವರು ಇವರೊಬ್ಬರೇ. ಇವರೂ ಬೋಟು ಹತ್ತಿ ಹೋದರೆ?

“ದಬದಬ ಅಂತದೆ ಭಾವ. ಒಳಗೆ ಕೊಳ್ತೋಗದೆ.”

ಭಾವ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು. ಮತ್ತೆಂದೂ ಬೋಟಿನ ಮಾತೆತ್ತಲಿಲ್ಲ. ಹಾಗೆ ಅವರನ್ನು ಉಳಿಸಿಕೊಂಡ ನಾನಾದರೂ ಹೋಗಿ ಮಾತಾಡಿದೆನೇ? ಹಬ್ಬಕ್ಕೊಂದು ಫೋನು, ಅಷ್ಟೆ. ಅದೂ ಅವರಿಗೆ ಅರ್ಧ ಕೇಳಿಸದು ಎಂಬ ನೆಪದಲ್ಲಿ ಬೇಗ ಮುಗಿಯುತ್ತಿತ್ತು.

ಈ ಮಧ್ಯಾಹ್ನ ತೇವಾರಂಗೆ ಹೋದೆ. ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಕಿವಿಯ ಹತ್ತಿರ ಬಾಗಿ, “ಭಾವ, ಆ ಬೋಟಿನ ಹಲಗೆ ಚೆನ್ನಾಗೇ ಇತ್ತು. ನಾನು ಸುಳ್ಳು ಹೇಳ್ದೆ” ಎಂದೆ.

“ಗೊತ್ತು. ನೀ ಆಕಡೆ ತಿರುಗ್ದಾಗ ಕತ್ತೀಲಿ ಚುಚ್ಚಿ ನೋಡ್ದೆ, ಇಳೀಲಿಲ್ಲ. ಇರು ಅಂತ ನೀ ಹೇಳ್ದಂಗಾಯ್ತು. ಇದ್ದೆ.”

ಅವರು ಎದ್ದು ಟೀಗೆ ನೀರಿಟ್ಟು, “ನಿಂಗೆ ಎಷ್ಟೊತ್ತಿಗೆ ಬಸ್ಸು?” ಎಂದರು.

“ಇವತ್ತು ಹೋಗಲ್ಲ ಭಾವ.”

ಅವರಿಗೆ ಕೇಳಿಸಲಿಲ್ಲ. ಬೀದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ.